ಟ್ರಾಕ್ಟರಿನ ಎಣ್ಣೆಯೂ ಪಾಸ್ಕಲನ ನಿಯಮವೂ

ಕಡೂರು ತಾಲ್ಲೂಕಿನ ದೇವನೂರನ್ನು ಜೈಮಿನಿ ಭಾರತದ ಕವಿ ಲಕ್ಷ್ಮೀಶನ ಊರೆಂದು ನಾಡಿನವರು ಬಲ್ಲರು. ಆ ಸೀಮೆಯ ಬಯಲಿನಲ್ಲಿ ಈಗ ಉಳುಮೆಯ ಕಾಲಕ್ಕೆ ಎತ್ತಿನ ಕೊರಳ ಗಂಟೆಗಿಂತ ಟ್ರಾಕ್ಟರಿನ ಸದ್ದೇ ಹೆಚ್ಚಾಗಿ ಕೇಳಿಬರುವುದು. ಉಳುವವನು ಹೊಲದ ಅಂಚಿಗೆ ಬಂದೊಡನೆ ಸೀಟಿನ ಪಕ್ಕದ ಹಿಡಿಕೆಯೊಂದನ್ನು ಎರಡು ಬೆರಳುಗಳಿಂದ ಸರಿಸುತ್ತಾನೆ. ಎರಡು ಮೂರು ಕ್ವಿಂಟಲ್ ತೂಗುವ ಕಬ್ಬಿಣದ ನೇಗಿಲು ನೆಲವನ್ನು ಬಿಟ್ಟು ಮೇಲೇಳುತ್ತದೆ. ಬದುವಿನ ಮೇಲೆ ನಿಂತು ಇದನ್ನು ನೋಡುವ ವಿದ್ಯಾರ್ಥಿಯ ಚೀಲದಲ್ಲಿ ಭೌತಶಾಸ್ತ್ರದ ಪುಸ್ತಕವಿದೆ. ಪುಸ್ತಕದಲ್ಲಿ ಪಾಸ್ಕಲನ ನಿಯಮವಿದೆ. ಆ ನಿಯಮವೇ ಈ ನೇಗಿಲನ್ನು ಎತ್ತಿತೆಂದು ಅವನಿಗೆ ತೋರಿಸಿಕೊಡುವವರು ಮಾತ್ರ ವಿರಳ. ಪಾಠವೂ ಹೊಲವೂ ಹೀಗೆ ಬೇರೆ ಬೇರೆಯಾಗಿ ಉಳಿದಿರುವುದರಿಂದ ಇಂಧನ ನಷ್ಟವಾಗುವುದು. ಕೆಲವು ವೇಳೆ ಪ್ರಾಣವೂ ನಷ್ಟವಾಗುವುದು. ಈ ಮಾತನ್ನೇ ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ಯಂತ್ರದ ಒಳಗುಟ್ಟನ್ನು ನೋಡೋಣ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು (1623–1662) ಕಂಡ ನಿಯಮವಿದು: ಎಲ್ಲ ಕಡೆಯಲ್ಲಿಯೂ ಮುಚ್ಚಿರುವ ಪಾತ್ರೆಯೊಳಗಿನ ದ್ರವದ ಮೇಲೆ ಒಂದೆಡೆ ಒತ್ತಡವನ್ನು ಹೇರಿದರೆ, ಅದು ಕುಂದದೆ ಎಲ್ಲೆಡೆಗೂ ಹರಡುವುದು. ಈ ನಿಯಮವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು 1795ರಲ್ಲಿ, ಒಬ್ಬನ ತೋಳುಬಲದಿಂದಲೇ ಭಾರಿ ಒತ್ತಡವನ್ನು ಪಡೆಯುವ ಯಂತ್ರವನ್ನು ರಚಿಸಿದನು. ಟ್ರಾಕ್ಟರಿನ ಲಿಫ್ಟು ಆ ಯಂತ್ರದ ವಂಶದ್ದೇ. ಎಂಜಿನ್ನಿನಿಂದ ತಿರುಗುವ ಪಂಪು ಎಣ್ಣೆಯನ್ನು ಹೀರಿ ತಳ್ಳುತ್ತದೆ. ಚಾಲಕನ ಹಿಡಿಕೆಗೆ ಸೇರಿದ ಕವಾಟವು ಆ ಎಣ್ಣೆಗೆ ದಾರಿ ತೋರಿಸುತ್ತದೆ. ದಾರಿ ಸಿಲಿಂಡರಿನ ಕಡೆಗೆ ತೆರೆದಾಗ ಎಣ್ಣೆಯು ಪಿಸ್ಟನ್ನನ್ನು ನೂಕುವುದು. ಪಿಸ್ಟನ್ನು ಲಿಫ್ಟಿನ ತೋಳುಗಳನ್ನು ಎತ್ತುವುದು. ತೋಳುಗಳು ನೇಗಿಲನ್ನು ಎತ್ತುವುವು.

ಲೆಕ್ಕಕ್ಕಾಗಿ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪಿಸ್ಟನ್ನಿನ ವ್ಯಾಸವು 8 ಸೆಂಟಿಮೀಟರ್ ಆದರೆ ಅದರ ಮುಖದ ವಿಸ್ತೀರ್ಣವು ಸುಮಾರು 50 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಭಾರದಷ್ಟಿದ್ದರೆ, ಪಿಸ್ಟನ್ನನ್ನು ನೂಕುವ ಬಲವು 7,500 ಕಿಲೋಗ್ರಾಂ ಭಾರದಷ್ಟಾಯಿತು. ಪಿಸ್ಟನ್ನು 10 ಸೆಂಟಿಮೀಟರ್ ಸರಿಯುವಷ್ಟರಲ್ಲಿ ತೋಳಿನ ತುದಿಯ ಕೊಂಡಿಗಳು 60 ಸೆಂಟಿಮೀಟರ್ ಏಳುವುದಾದರೆ, ಘರ್ಷಣೆಯನ್ನು ಬಿಟ್ಟು ಹೇಳುವಲ್ಲಿ, ಅಲ್ಲಿ ಸಿಕ್ಕುವ ಬಲವು 1,250 ಕಿಲೋಗ್ರಾಂ. ದೂರದಲ್ಲಿ ಗಳಿಸಿದುದನ್ನು ಬಲದಲ್ಲಿ ಕಳೆದುಕೊಂಡೆವು; ಪ್ರಕೃತಿಯ ಅಂಗಡಿಯಲ್ಲಿ ಪುಕ್ಕಟೆ ಸರಕಿಲ್ಲ. ಈ ಕೆಲಸಕ್ಕೆ ಬೇಕಾದ ಎಣ್ಣೆಯಾದರೋ ಬರಿಯ ಅರ್ಧ ಲೀಟರು. ಅದನ್ನು ಎರಡು ಸೆಕೆಂಡುಗಳಲ್ಲಿ ಒದಗಿಸಲು ಎಂಜಿನ್ನಿನಿಂದ ಸುಮಾರು 5 ಅಶ್ವಶಕ್ತಿ ಸಾಕು.

ಇಷ್ಟೇ ಆಗಿದ್ದರೆ ಲಿಫ್ಟು ಒಂದು ಒಳ್ಳೆಯ ಜ್ಯಾಕು ಎನ್ನಬಹುದಾಗಿತ್ತು. ಅದಕ್ಕಿಂತ ಹೆಚ್ಚಿನ ಜಾಣ್ಮೆಯನ್ನು ಅದಕ್ಕೆ ಕೊಟ್ಟವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಮೊದಲಿನ ಟ್ರಾಕ್ಟರುಗಳು ನೇಗಿಲನ್ನು ಗಾಡಿಯಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದುವು. ಗುಳವು ಬಂಡೆಗೆ ಸಿಕ್ಕಿಕೊಂಡರೆ ಮುಂದಿನ ಚಕ್ರಗಳು ಮೇಲೆದ್ದು ಟ್ರಾಕ್ಟರು ಚಾಲಕನ ಮೇಲೆಯೇ ಮಗುಚುವ ಭಯವಿತ್ತು. ಫರ್ಗುಸನ್ನನು ನೇಗಿಲನ್ನು ಕೆಳಗಿನ ಎರಡು, ಮೇಲಿನ ಒಂದು, ಹೀಗೆ ಮೂರು ಕೊಂಡಿಗಳಿಂದ ಟ್ರಾಕ್ಟರಿನ ಅಂಗವೇ ಆಗುವಂತೆ ಜೋಡಿಸಿದನು. ನೆಲ ಗಟ್ಟಿಯಾದಷ್ಟೂ ನೇಗಿಲು ಮೇಲಿನ ಕೊಂಡಿಯನ್ನು ಮುಂದಕ್ಕೆ ಒತ್ತುವುದು. ಆ ಒತ್ತನ್ನು ಒಂದು ಸ್ಪ್ರಿಂಗಿನ ಮೂಲಕ ಕವಾಟಕ್ಕೆ ತಿಳಿಸಿದರೆ, ಲಿಫ್ಟು ತಾನಾಗಿಯೇ ನೇಗಿಲನ್ನು ತುಸು ಎತ್ತುವುದು. ನೇಗಿಲಿನ ಭಾರವು ಹಿಂದಿನ ಚಕ್ರಗಳ ಮೇಲೆ ಬಿದ್ದು ಅವು ಜಾರದೆ ನೆಲವನ್ನು ಕಚ್ಚುವುವು. ನೆಲ ಸಡಿಲವಾದೊಡನೆ ನೇಗಿಲು ಮತ್ತೆ ಇಳಿಯುವುದು. 1936ರಲ್ಲಿ ಈ ಏರ್ಪಾಡುಳ್ಳ ಫರ್ಗುಸನ್–ಬ್ರೌನ್ ಟ್ರಾಕ್ಟರು ಮಾರಾಟಕ್ಕೆ ಬಂದಿತು. 1939ರಲ್ಲಿ ಹೆನ್ರಿ ಫೋರ್ಡ್ ಅವರ ಸಂಸ್ಥೆಯೂ ಇದನ್ನು ಅಳವಡಿಸಿತು. ಇಂದು ಹೆಚ್ಚುಕಡಿಮೆ ಪ್ರಪಂಚದ ಎಲ್ಲ ಟ್ರಾಕ್ಟರುಗಳಿಗೂ ಮೂರು ಕೊಂಡಿಗಳೇ.

ಈ ಜಾಣ್ಮೆ ನಮ್ಮ ರೈತನಿಗೆ ಹೊಸದಲ್ಲ. ಮರದ ನೇಗಿಲಿನ ಮೇಳಿಯನ್ನು ಹಿಡಿದವನು ನೆಲದ ಗಡಸನ್ನು ಅಂಗೈಯಿಂದಲೇ ಅರಿತು, ಬೇಕಾದಲ್ಲಿ ಅದುಮುತ್ತಿದ್ದನು, ಎತ್ತುಗಳು ಬಳಲಿದಲ್ಲಿ ಸಡಿಲಿಸುತ್ತಿದ್ದನು. ಆ ಅಂಗೈಯ ಕೆಲಸವನ್ನು ಈಗ ಸ್ಪ್ರಿಂಗೂ ಎಣ್ಣೆಯೂ ಮಾಡುತ್ತಿವೆ. ವಿಷಾದವೇನೆಂದರೆ, ಈ ಎಣ್ಣೆಯ ಕೈಯನ್ನು ನಾವು ಕೊಂಡು ತಂದು ಕಟ್ಟಿಹಾಕಿದ್ದೇವೆ. ಅನೇಕ ಟ್ರಾಕ್ಟರುಗಳಲ್ಲಿ ಹಿಡಿಕೆಗಳು ಎರಡು: ಒಂದು, ಉಪಕರಣವನ್ನು ಟ್ರಾಕ್ಟರಿನಿಂದ ಗೊತ್ತಾದ ಎತ್ತರದಲ್ಲಿ ನಿಲ್ಲಿಸುವುದು, ಮತ್ತೊಂದು, ಎಳೆತವನ್ನು ಸಮನಾಗಿ ಇಡುವುದು. ನೆಲ ಸಮಮಾಡುವುದಕ್ಕೆ ಮೊದಲನೆಯದು ತಕ್ಕುದು, ನೇಗಿಲಿನ ಉಳುಮೆಗೆ ಎರಡನೆಯದು. ಆದರೆ ಎಷ್ಟೋ ಮಂದಿ ಚಾಲಕರು ಎಲ್ಲ ಕೆಲಸಕ್ಕೂ ಮೊದಲನೆಯದನ್ನೇ ಬಳಸುತ್ತಾರೆ. ಎರಡನೆಯದು ಯಾತಕ್ಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಚಕ್ರ ಜಾರುತ್ತದೆ, ಡೀಸೆಲ್ ಉರಿಯುತ್ತದೆ, ಏರುತಗ್ಗಿನ ಹೊಲದಲ್ಲಿ ಒಂದೆಡೆ ಆಳ, ಒಂದೆಡೆ ಮೇಲುಮೇಲಾದ ಉಳುಮೆಯಾಗುತ್ತದೆ.

ಇಂಧನದ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ತುಂಬಿಕೊಳ್ಳಲಾಗದ ನಷ್ಟ ಇನ್ನೊಂದಿದೆ. ಸಾಮಾನ್ಯವಾಗಿ ಈ ಲಿಫ್ಟು ಎತ್ತುವುದಕ್ಕೆ ಮಾತ್ರ ಎಣ್ಣೆಯ ಒತ್ತಡವನ್ನು ಬಳಸುವುದು. ಇಳಿಯುವುದು ಉಪಕರಣದ ಸ್ವಂತ ಭಾರದಿಂದ. ಆದುದರಿಂದ ಎಂಜಿನ್ ನಿಂತಿದ್ದರೂ ಯಾರಾದರೂ ಹಿಡಿಕೆಯನ್ನು ಕೆಳಕ್ಕೆ ಸರಿಸಿದರೆ ಎತ್ತಿದ್ದ ನೇಗಿಲು ಬೀಳುವುದು. ಅಂಗಳದಲ್ಲಿ ನಿಂತ ಟ್ರಾಕ್ಟರನ್ನು ಹತ್ತಿ ಆಡುವ ಮಗುವಿನ ಕೈಗೂ ಅದು ಸಾಧ್ಯ. ಸೀಲು ಸವೆದಿದ್ದರೆ ಅಥವಾ ರಬ್ಬರ್ ಕೊಳವೆ ಒಡೆದರೆ ಯಾರ ಕೈಯೂ ಬೇಡ. ಜ್ಯಾಕಿನಿಂದ ಎತ್ತಿದ ಟ್ರಾಲಿಯ ಕೆಳಗೆ, ಎತ್ತಿದ ರೋಟಾವೇಟರಿನ ಕೆಳಗೆ ತಲೆಯೊಡ್ಡಿ ದುರಸ್ತಿಗೆ ತೊಡಗುವವರು, ತಮ್ಮ ಪ್ರಾಣವನ್ನು ಅರ್ಧ ಲೀಟರು ಎಣ್ಣೆಗೆ ಒಪ್ಪಿಸಿದಂತೆಯೇ ಸರಿ. ಕೊಳವೆಯ ಸೂಜಿರಂಧ್ರದಿಂದ ಚಿಮ್ಮುವ ಎಣ್ಣೆಯನ್ನು ಬೆರಳಿನಿಂದ ಹುಡುಕುವುದೂ ಅಪಾಯ. ಅಷ್ಟು ಒತ್ತಡದ ಎಣ್ಣೆ ಚರ್ಮವನ್ನು ತೂರಿ ಒಳಹೊಗುವುದು. ಗಾಯ ಸಾಸಿವೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

“ಪಾಸ್ಕಲನ ಹೆಸರು ಕೇಳದವರೂ ಚೆನ್ನಾಗಿಯೇ ಉಳುತ್ತಿದ್ದಾರಲ್ಲ, ಅನುಭವವೇ ಗುರು” ಎಂದು ಕೆಲವರು ಹೇಳಬಹುದು. ಅನುಭವವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಭಾರ ಬೀಳುವ ಪಾಠವನ್ನು ಅನುಭವವು ಒಂದೇ ಸಲ ಕಲಿಸುವುದು. ಕಲಿತವನು ಅದನ್ನು ಬಳಸಲು ಉಳಿಯುವುದಿಲ್ಲ. ಇಂಥ ವಿಷಯದಲ್ಲಿ ಮುಂದಾಗಿಯೇ ತಿಳಿಸಬಲ್ಲುದು ಶಾಸ್ತ್ರವೊಂದೇ. ಅಲ್ಲದೆ, ಟ್ರಾಕ್ಟರು ಈಗ ಒಬ್ಬನೇ ಯಜಮಾನನ ಕೈಯಲ್ಲಿರುವ ವಸ್ತುವಲ್ಲ. 2014–15ರಲ್ಲಿ ರಾಜ್ಯ ಸರಕಾರವು ಕೃಷಿ ಯಂತ್ರಧಾರೆ ಎಂಬ ಯೋಜನೆಯನ್ನು ಆರಂಭಿಸಿ, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳನ್ನು ಹೋಬಳಿಗಳಲ್ಲಿ ತೆರೆಯಿತು. ಹೀಗೆ ಯಂತ್ರವು ಹಲವು ಕೈಗಳಿಗೆ ಹೋಗುವಾಗ ಅದರ ತಿಳಿವೂ ಹಲವು ತಲೆಗಳಿಗೆ ಹೋಗಬೇಡವೆ?

ನಮ್ಮ ಸಲಹೆ ದೊಡ್ಡದೇನೂ ಅಲ್ಲ. ದ್ರವಗಳ ಒತ್ತಡದ ಪಾಠ ನಡೆಯುವ ವಾರದಲ್ಲಿ ಒಂದು ದಿನ, ಊರಿನ ಒಂದು ಟ್ರಾಕ್ಟರನ್ನು ಶಾಲೆಯ ಬಯಲಿಗೆ ತರಿಸಲಿ. ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿದ ಮೇಲೆ ವಿದ್ಯಾರ್ಥಿಗಳು ಹತ್ತಿರ ಬಂದು ಕೊಂಡಿಗಳ ಉದ್ದವನ್ನು ಅಳೆಯಲಿ; ಎತ್ತಿ ತೋರಿಸುವಾಗ ದೂರ ನಿಲ್ಲಲಿ. ಪುಸ್ತಕದ ಲೆಕ್ಕವನ್ನು ಆ ಅಳತೆಗಳಿಂದಲೇ ಮಾಡಲಿ. ಚಾಲಕನು ತನ್ನ ಅನುಭವವನ್ನು ಹೇಳಲಿ, ಉಪಾಧ್ಯಾಯರು ಕಾರಣವನ್ನು ಹೇಳಲಿ, ಇಬ್ಬರಿಗೂ ಲಾಭವುಂಟು. ಆ ಸಂಜೆ ಮನೆಗೆ ಹೋದ ವಿದ್ಯಾರ್ಥಿಯು, ಎತ್ತಿದ ಟ್ರಾಲಿಯ ಕೆಳಗೆ ನುಗ್ಗಲಿರುವ ಅಣ್ಣನನ್ನು ತಡೆದು, “ಮೊದಲು ಮರದ ದಿಮ್ಮಿಯನ್ನು ಆನಿಕೆ ಕೊಡು, ಎಣ್ಣೆಯನ್ನು ನಂಬಬೇಡ” ಎಂದನಾದರೆ, ಪಾಸ್ಕಲನ ನಿಯಮವನ್ನು ಅವನು ಕಲಿತನೆಂದು ನಾವು ಒಪ್ಪುತ್ತೇವೆ. ಪರೀಕ್ಷೆಯಲ್ಲಿ ಅವನಿಗೆ ಎಷ್ಟು ಅಂಕ ಬಂದರೂ ಚಿಂತೆಯಿಲ್ಲ.