ಸಂಶೋಧನೆ ಜೆರಾಕ್ಸ್ ಅಂಗಡಿಯ ಸರಕಲ್ಲ

ನಿಪ್ಪಾಣಿಯ ತಂಬಾಕು ವಖಾರಿಗಳ ಧೂಳಿನಲ್ಲಿ ದುಡಿಯುತ್ತಿದ್ದ ಮಹಿಳೆಯರು ಸಂಘಟಿತರಾಗಿ ಕೂಲಿಗಾಗಿ ಧ್ವನಿಯೆತ್ತಿದ್ದು 1980ರ ಆಸುಪಾಸಿನಲ್ಲಿ. 1982ರಲ್ಲಿ ಯುಗಾಂತರ್ ಎಂಬ ಮಹಿಳೆಯರ ಚಲನಚಿತ್ರ ತಂಡವು ಇಲ್ಲಿಗೆ ಬಂದು, ಆ ಕಾರ್ಮಿಕರೊಂದಿಗೆ ಕುಳಿತು, ಮರಾಠಿಯಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರವನ್ನು ತಯಾರಿಸಿತು. ಛಾಯಾ ದಾತಾರ್ ಅವರು ಇದೇ ಮಹಿಳೆಯರ ಹೋರಾಟದ ಕುರಿತು ಬರೆದ ಇಂಗ್ಲಿಷ್ ಪುಸ್ತಕವು 1989ರಲ್ಲಿ ದಿಲ್ಲಿಯ ಕಾಳಿ ಫಾರ್ ವಿಮೆನ್ ಪ್ರಕಾಶನದಿಂದ ಹೊರಬಂತು. ಹೊರಗಿನಿಂದ ಬಂದು ಇಷ್ಟು ಶ್ರದ್ಧೆಯಿಂದ ದಾಖಲಿಸಿದವರಿಗೆ ಈ ಊರು ಕೃತಜ್ಞವಾಗಿರಬೇಕು. ಆದರೆ ಒಂದು ಪ್ರಶ್ನೆ ನಮ್ಮನ್ನು ಕಾಡುತ್ತಿದೆ. ವಖಾರಿಯಲ್ಲಿ ದುಡಿದ, ಬೀಡಿ ಕಟ್ಟಿದ ಮನೆಗಳ ಮಕ್ಕಳು ಆ ಬಳಿಕ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅವರಲ್ಲಿ ಮುಸ್ಲಿಮ್ ಮನೆಗಳ ಮಕ್ಕಳೂ ಇದ್ದಾರೆ. ತಮ್ಮ ತಾಯಂದಿರ ಬದುಕಿನ ಬಗ್ಗೆ ಆ ಮಕ್ಕಳು ಬರೆದ ಎಷ್ಟು ಗ್ರಂಥಗಳನ್ನು ನಮ್ಮ ಓದುಗರು ಹೆಸರಿಸಬಲ್ಲರು?

ಅವಕಾಶವೇ ಇರಲಿಲ್ಲ ಎಂದು ಹೇಳುವಂತಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯ ವಿದ್ಯಾರ್ಥಿಗಳಿಗೆ ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇತ್ತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲಿ 1962ರಿಂದ ಶಿವಾಜಿ ವಿಶ್ವವಿದ್ಯಾಲಯವಿದೆ. ನಿಪ್ಪಾಣಿಗೆ ಅಂಟಿಕೊಂಡಿರುವ ಅರ್ಜುನನಗರದ ದೇವಚಂದ್ ಕಾಲೇಜಿಗೆ ಕಾಲಿಟ್ಟರೆ ಸಾಕು, ವಿದ್ಯಾರ್ಥಿ ಮಹಾರಾಷ್ಟ್ರದಲ್ಲಿರುತ್ತಾನೆ. ಹೀಗೆ ಎರಡು ರಾಜ್ಯಗಳ ಉನ್ನತ ಶಿಕ್ಷಣದ ಬಾಗಿಲುಗಳು ನಮ್ಮ ಮಕ್ಕಳಿಗೆ ತೆರೆದಿವೆ. ನಮ್ಮ ಮನೆಗಳಲ್ಲಿ ಎಂ.ಎ., ಎಂ.ಕಾಂ. ಮಾಡಿದವರು, ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವರು ಈಗ ಅಪರೂಪವೂ ಅಲ್ಲ. ಇದು ಸಂತೋಷದ ಸಂಗತಿ.

ವಿಷಾದದ ಸಂಗತಿಯೇನೆಂದರೆ, ಅವರಲ್ಲಿ ಹಲವರು ಬರೆದ ಕಿರುಪ್ರಬಂಧವು ಅವರದ್ದಲ್ಲ. ಕಾಲೇಜಿರುವ ಯಾವುದೇ ಪಟ್ಟಣದ ಜೆರಾಕ್ಸ್ ಅಂಗಡಿಗೆ ಪರೀಕ್ಷೆಗೆ ಮುಂಚಿನ ತಿಂಗಳಲ್ಲಿ ಹೋಗಿ ನೋಡಿ. ಹಿಂದಿನ ವರ್ಷದವರ ಪ್ರಾಜೆಕ್ಟ್ ಅಲ್ಲಿನ ಕಂಪ್ಯೂಟರಿನಲ್ಲಿ ಭದ್ರವಾಗಿರುತ್ತದೆ. ಊರಿನ ಹೆಸರು, ವಿದ್ಯಾರ್ಥಿಯ ಹೆಸರು, ಮಾರ್ಗದರ್ಶಕರ ಹೆಸರು ಬದಲಾಗುತ್ತವೆ. ಕೃತಜ್ಞತೆಯ ಪುಟ ಕೂಡ ಬದಲಾಗುವುದಿಲ್ಲ! ರಟ್ಟಿನ ಮೇಲೆ ಬಂಗಾರದ ಅಕ್ಷರ ಬೀಳುತ್ತದೆ. ಮನೆಯವರು ಅದನ್ನು ಅಭಿಮಾನದಿಂದ ಕಪಾಟಿನಲ್ಲಿಡುತ್ತಾರೆ. ಬೈಂಡಿಂಗಿಗೆ ಹಣ ಕೊಟ್ಟ ತಂದೆಗೆ ಒಳಗೇನಿದೆಯೆಂದು ತಿಳಿದಿರುವುದಿಲ್ಲ. ಕೆಲವೊಮ್ಮೆ ಮಗನಿಗೂ ತಿಳಿದಿರುವುದಿಲ್ಲ.

ಇದಕ್ಕೆ ವಿದ್ಯಾರ್ಥಿಯನ್ನಷ್ಟೇ ದೂರಿದರೆ ಅನ್ಯಾಯವಾದೀತು. ಆತ ಉರ್ದು ಶಾಲೆಯಲ್ಲೋ ಕನ್ನಡ ಶಾಲೆಯಲ್ಲೋ ಪ್ರಶ್ನೋತ್ತರ ಬಾಯಿಪಾಠ ಮಾಡಿ ಬೆಳೆದವನು. ಪದವಿಯಲ್ಲಿ ಗೈಡ್ ಓದಿ ಪಾಸಾದವನು. ಒಂದು ಪುಸ್ತಕದ ವಾದವನ್ನು ತನ್ನ ಮಾತಿನಲ್ಲಿ ಒಂದು ಪುಟಕ್ಕೆ ಇಳಿಸು ಎಂದು ಆತನಿಗೆ ಅಲ್ಲಿಯವರೆಗೆ ಹೇಳಿದವರಿಲ್ಲ. ಎಂ.ಎ. ಕೊನೆಯ ಸೆಮಿಸ್ಟರಿನಲ್ಲಿ ಒಮ್ಮೆಲೇ ನೂರು ಪುಟಗಳ ಸಂಶೋಧನೆ ಮಾಡಿಕೊಂಡು ಬಾ ಎಂದರೆ ಆತ ಅಂಗಡಿಯ ದಾರಿ ಹಿಡಿಯದೆ ಇನ್ನೇನು ಮಾಡಿಯಾನು? ವಿಶ್ವವಿದ್ಯಾಲಯ ಅನುದಾನ ಆಯೋಗವು ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಕಡ್ಡಾಯಗೊಳಿಸಿದ್ದು 2009ರ ನಿಯಮಗಳಲ್ಲಿ. ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಎಂಬ ಎರಡು ಕ್ರೆಡಿಟ್‌ಗಳ ಪಾಠ ಸೇರಿದ್ದು 2019ರ ಕೊನೆಯಲ್ಲಿ. 2022ರ ನಿಯಮಗಳು ಕೋರ್ಸ್‌ವರ್ಕಿಗೆ ಕನಿಷ್ಠ 12 ಕ್ರೆಡಿಟ್‌ಗಳನ್ನು ಗೊತ್ತುಪಡಿಸಿವೆ. ಎಲ್ಲವೂ ಸರಿ. ಆದರೆ ಇವೆಲ್ಲ ಏಣಿಯ ತುದಿಯಲ್ಲಿ ಸಿಗುವ ಪಾಠಗಳು. ಕರ್ನಾಟಕವು 2021-22ರಲ್ಲಿ ಆರಂಭಿಸಿದ್ದ ಪದವಿ ಪದ್ಧತಿಯ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನವಿತ್ತು. 2024-25ರಿಂದ ರಾಜ್ಯ ಸರಕಾರವು ಮೂರು ವರ್ಷದ ಪದವಿಗೆ ಮರಳಿತು. ಬಡ ಕುಟುಂಬಕ್ಕೆ ಒಂದು ವರ್ಷದ ಖರ್ಚು ಉಳಿದದ್ದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಬರೆಯುವ ಶಿಕ್ಷಣವನ್ನು ಮೂರು ವರ್ಷಗಳೊಳಗೆ ಎಲ್ಲಿ ಕೂರಿಸುವಿರಿ ಎಂಬ ಪ್ರಶ್ನೆಯನ್ನು ಕಾಲೇಜುಗಳಿಗೆ ಕೇಳುವ ಹಕ್ಕು ಹೆತ್ತವರಿಗಿದೆ.

ಸಂಶೋಧನೆಯೆಂದರೆ ದೊಡ್ಡ ಪದಗಳನ್ನು ಪೋಣಿಸುವುದು ಎಂಬ ಭ್ರಮೆ ನಮ್ಮಲ್ಲಿದೆ. ‘ನಿಪ್ಪಾಣಿಯ ಬೀಡಿ ಕಾರ್ಮಿಕರ ಸಮಸ್ಯೆಗಳು: ಒಂದು ಅಧ್ಯಯನ’ ಎಂಬಂತಹ ಶೀರ್ಷಿಕೆಗಳು ಪ್ರತಿವರ್ಷ ಸಲ್ಲಿಕೆಯಾಗುತ್ತವೆ. ಅದರಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆಯಿಲ್ಲದ ಕಡೆ ಉತ್ತರವನ್ನು ನಕಲು ಮಾಡದೆ ಗತ್ಯಂತರವಿಲ್ಲ. ಬದಲಾಗಿ ಒಬ್ಬ ವಿದ್ಯಾರ್ಥಿನಿ ಹೀಗೆ ಕೇಳಿಕೊಂಡಳೆಂದಿಟ್ಟುಕೊಳ್ಳಿ: 1976ರ ಕಾಯ್ದೆಯಿಂದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ರೂಪುಗೊಂಡಿತು. ಅದಕ್ಕೆ ಹಣ ಬರುತ್ತಿದ್ದ ಬೀಡಿಯ ಮೇಲಿನ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಆ ಬಳಿಕ ನಮ್ಮ ಓಣಿಯ ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನಕ್ಕೆ ಏನಾಯಿತು? ಈಗ ಆಕೆ ಕಾಯ್ದೆಯನ್ನು ಓದಬೇಕಾಗುತ್ತದೆ. ಐವತ್ತು ಮನೆಗಳಿಗೆ ಹೋಗಬೇಕಾಗುತ್ತದೆ. ಆ ಐವತ್ತನ್ನು ಹೇಗೆ ಆರಿಸಿದೆ, ಪರಿಚಯದವರ ಮನೆಗಳಿಗಷ್ಟೇ ಹೋದೆನೇ ಎಂದು ತನ್ನನ್ನೇ ವಿಚಾರಿಸಿಕೊಳ್ಳಬೇಕಾಗುತ್ತದೆ. ಗುರುತಿನ ಚೀಟಿ ಯಾರ ಹೆಸರಿನಲ್ಲಿದೆ, ಬ್ಯಾಂಕಿಗೆ ಹಣ ಯಾವ ವರ್ಷ ಬಂತು, ಯಾವ ವರ್ಷ ಬರಲಿಲ್ಲ ಎಂದು ಬರೆದುಕೊಳ್ಳಬೇಕಾಗುತ್ತದೆ. ತನ್ನ ಊಹೆಗೆ ವಿರುದ್ಧವಾದ ಉತ್ತರ ಸಿಕ್ಕಿದರೆ ಅದನ್ನೂ ದಾಖಲಿಸಬೇಕಾಗುತ್ತದೆ. ಛಾಯಾ ದಾತಾರ್ ಏನು ಬರೆದಿದ್ದಾರೆಂದು ಓದಿ, ಅವರ ಮಾತನ್ನು ಅವರದ್ದೆಂದೂ ತನ್ನ ಮಾತನ್ನು ತನ್ನದೆಂದೂ ಬೇರ್ಪಡಿಸಿ, ಪುಟಸಂಖ್ಯೆ ಸಹಿತ ಸೂಚಿಸಬೇಕಾಗುತ್ತದೆ. ಇಪ್ಪತ್ತು ಪುಟವಾದರೂ ಅದು ಸಂಶೋಧನೆ. ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು.

ಈ ಶಿಸ್ತು ನಮಗೆ ಪರಕೀಯವೆಂದು ಭಾವಿಸುವವರು ತಮ್ಮ ಪರಂಪರೆಯನ್ನೇ ಮರೆತವರು. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿಕೊಳ್ಳಬೇಕೆಂದು ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯವು ವಿಶ್ವಾಸಿಗಳಿಗೆ ಆದೇಶಿಸಿದೆ. ಪ್ರವಾದಿವರ್ಯರ(ಸ) ಒಂದೊಂದು ವಚನದ ಹಿಂದೆಯೂ ಯಾರಿಂದ ಯಾರಿಗೆ ಬಂತೆಂಬ ಇಸ್ನಾದಿನ ಸರಪಣಿಯನ್ನು ಹದೀಸ್ ವಿದ್ವಾಂಸರು ಕಾಪಾಡಿದರು. ಇಮಾಮ್ ಮುಸ್ಲಿಮ್ ತಮ್ಮ ಸಹೀಹ್ ಸಂಗ್ರಹದ ಪೀಠಿಕೆಯಲ್ಲಿ ಚರ್ಚಿಸಿರುವುದು ವರದಿಗಾರರ ವಿಶ್ವಾಸಾರ್ಹತೆಯನ್ನೇ. ಇಂದಿನ ಅಡಿಟಿಪ್ಪಣಿ ಆ ಸರಪಣಿಯ ಬಡ ಸಂಬಂಧಿ ಎನ್ನಬಹುದು. ಹದಿನಾಲ್ಕನೆಯ ಶತಮಾನದ ಇಬ್ನು ಖಲ್ದೂನ್ ತಮ್ಮ ಮುಕದ್ದಿಮದಲ್ಲಿ ಪ್ರವಾದಿ ಮೂಸಾರ(ಅ) ಕಾಲದ ಸೈನ್ಯದ ಬಗ್ಗೆ ಇತಿಹಾಸಕಾರರು ಹೇಳಿದ ಆರು ಲಕ್ಷದ ಲೆಕ್ಕವನ್ನು ಒಪ್ಪಲಿಲ್ಲ. ಅಷ್ಟು ಜನರನ್ನು ಆ ನಾಡು ಹೊರಬಲ್ಲುದೇ ಎಂದು ವಿಚಾರ ಮಾಡಿದರು. ಜುಮಾ ದಿನ ಈ ಹಿರಿಯರನ್ನು ಹೊಗಳಿ, ಸೋಮವಾರ ಬೇರೆಯವರ ಪ್ರಬಂಧಕ್ಕೆ ತನ್ನ ಹೆಸರು ಹಚ್ಚುವವನಿಗೆ ಆ ಹೊಗಳಿಕೆ ಯಾವ ಪ್ರಯೋಜನಕ್ಕೆ?

ಕಾನೂನೂ ಈಗ ಸಡಿಲವಾಗಿಲ್ಲ. ಆಯೋಗದ 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 60ರವರೆಗೆ ಒಂದು ವರ್ಷ ಸಲ್ಲಿಕೆಗೆ ತಡೆ. ಅದನ್ನು ಮೀರಿದರೆ ನೋಂದಣಿಯೇ ರದ್ದು. ಗಡಿಭಾಗದಲ್ಲಿ ಇದನ್ನು ತಪ್ಪಿಸುವ ಒಂದು ಹಾದಿ ಎಲ್ಲರಿಗೂ ಕಾಣುವಂತಿದೆ. ಮರಾಠಿ ಪ್ರಬಂಧವನ್ನು ಕನ್ನಡಕ್ಕೆ ಇಳಿಸಿದರೆ ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ. 2022ರ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿಯಂತಹ ಸಾಧನಗಳು ಇನ್ನೊಂದು ಹಾದಿ ತೆರೆದಿವೆ. ಅವು ಕ್ಷಣದಲ್ಲಿ ಪುಟ ತುಂಬಿಸುತ್ತವೆ. ಇಲ್ಲದ ಪುಸ್ತಕವನ್ನು ಇದೆಯೆಂದು ಲೇಖಕರ ಹೆಸರು ಸಹಿತ ಉಲ್ಲೇಖಿಸುವುದೂ ಉಂಟು. ಮೂಲವನ್ನು ಕಣ್ಣಾರೆ ನೋಡುವ ಅಭ್ಯಾಸವಿಲ್ಲದ ವಿದ್ಯಾರ್ಥಿಯು ಆ ಸುಳ್ಳಿಗೆ ಸಹಿ ಹಾಕುತ್ತಾನೆ.

ಭಾಷೆಯ ತೊಡಕು ನಿಜ. ಮನೆಯಲ್ಲಿ ದಖನಿ, ಮದ್ರಸದಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್. ಅಥಣಿಯ ಒಬ್ಬ ಹುಡುಗ ಇಷ್ಟರ ನಡುವೆ ಯಾವುದರಲ್ಲೂ ಗಟ್ಟಿಯಾಗಿ ಬರೆಯಲಾರದೆ ಉಳಿಯುವುದನ್ನು ನಾವು ಬಲ್ಲೆವು. ಆದರೆ ಇದನ್ನೇ ತಿರುಗಿಸಿ ನೋಡಿ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರವು ಡಾ. ಎಂ.ಎಂ. ಕಲಬುರ್ಗಿಯವರ ನೇತೃತ್ವದಲ್ಲಿ ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಯೋಜನೆ ಕೈಗೊಂಡಾಗ ಬೇಕಾದದ್ದು ಫಾರ್ಸಿ, ದಖನಿ ಮತ್ತು ಕನ್ನಡ ಬಲ್ಲವರು. ರಾಯಬಾಗ, ಅಥಣಿ ಆದಿಲ್‌ಶಾಹಿ ನಾಡಿನೊಳಗಿದ್ದ ಊರುಗಳು. ನಾಲ್ಕು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇಲ್ಲಿರುವ ಅನುಕೂಲ ದೊಡ್ಡ ನಗರದವರಿಗಿಲ್ಲ. ಒಂದು ಭಾಷೆಯಲ್ಲಾದರೂ ಸ್ಪಷ್ಟವಾಗಿ ಬರೆಯಲು ಕಲಿತರೆ ಉಳಿದವು ಆಕರಗಳಾಗುತ್ತವೆ.

ಇದರ ರಾಜಕೀಯ ಬೆಲೆಯನ್ನು ನಾವು ಈಗಾಗಲೇ ತೆತ್ತಿದ್ದೇವೆ. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ ಮಾತ್ರ ಮುಸ್ಲಿಮ್ ಎಂದು 2006ರಲ್ಲಿ ನ್ಯಾ. ಸಾಚಾರ್ ಸಮಿತಿ ಹೇಳಿತು. ನಮ್ಮ ಸ್ಥಿತಿಯನ್ನು ಅಂಕಿಗಳಲ್ಲಿ ತಿಳಿಯಲು ಸರಕಾರಿ ಸಮಿತಿಯನ್ನು ಕಾಯಬೇಕಾಯಿತು. 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರವು 2022ರಲ್ಲಿ ನಿಲ್ಲಿಸಿತು. ಅದು ಅನ್ಯಾಯವೆಂದು ಈಗಲೂ ಹೇಳುತ್ತೇವೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿದಾಗ, ಆ ನಿರ್ಧಾರದ ಆಧಾರವನ್ನು ಸುಪ್ರೀಮ್ ಕೋರ್ಟ್ ಪ್ರಶ್ನಿಸಿತು. ಸರಕಾರ ಅದನ್ನು ಜಾರಿಗೊಳಿಸದಿರುವ ಭರವಸೆ ಕೊಡಬೇಕಾಯಿತು. ನ್ಯಾಯಾಲಯದಲ್ಲಿ ನಿಲ್ಲುವುದು ವರದಿ, ಸಮೀಕ್ಷೆ, ದಾಖಲೆ. ಮೈದಾನದ ಘೋಷಣೆಗೆ ಅಲ್ಲಿ ಪುಟಸಂಖ್ಯೆ ಇರುವುದಿಲ್ಲ. ಅಥಣಿ, ನಿಪ್ಪಾಣಿ ಭಾಗದ ಚಪ್ಪಲಿ ಕುಶಲಕರ್ಮಿಗಳನ್ನೇ ನೋಡಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಹಕ್ಕು ಸಿಕ್ಕಿತು. ಕಸುಬು ಇಲ್ಲಿಯದೂ ಹೌದೆಂದು ಕಾಗದದಲ್ಲಿ ತೋರಿಸಿದ್ದರಿಂದ ಅದು ಸಾಧ್ಯವಾಯಿತು.

ಇನ್ನು ನಮ್ಮ ಜಮಾಅತ್‌ಗಳ ಮಾತು. ಪ್ರತಿಭಾ ಪುರಸ್ಕಾರದ ಶಾಲು, ಫಲಕ, ಊಟಗಳಿಗೆ ಮಾಡುವ ಖರ್ಚಿನಲ್ಲಿ ಒಂದಂಶವನ್ನು ಪದವಿ ವಿದ್ಯಾರ್ಥಿಗಳ ಬರವಣಿಗೆಯ ತರಬೇತಿಗೆ ಮೀಸಲಿಟ್ಟರೆ ಕಾಗವಾಡದಂತಹ ಸಣ್ಣ ಊರಿನಲ್ಲೂ ವಾರಕ್ಕೊಂದು ಪಾಠ ನಡೆಸಬಹುದು. ನಿವೃತ್ತ ಅಧ್ಯಾಪಕರು ನಮ್ಮಲ್ಲಿದ್ದಾರೆ, ಕರೆದರೆ ಬರುತ್ತಾರೆ. ದೇಶದ ಪಿಎಚ್.ಡಿ. ಮಹಾಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ. ಸರಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ 2025ರ ಜನವರಿಯಿಂದ ಸಾವಿರಾರು ಅಂತಾರಾಷ್ಟ್ರೀಯ ನಿಯತಕಾಲಿಕೆಗಳು ‘ಒಂದು ದೇಶ ಒಂದು ಚಂದಾ’ ಯೋಜನೆಯಡಿ ತೆರೆದಿವೆ. ಹಣ ಪಡೆದು ಏನನ್ನೂ ಪ್ರಕಟಿಸುವ ನಿಯತಕಾಲಿಕೆಗಳ ಬಲೆಗೆ ಬೀಳದಂತೆ ಎಚ್ಚರಿಸುವವರೂ ಬೇಕು. ಆಯೋಗವು ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟ ಬಳಿಕ ಆ ವಿವೇಚನೆ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ಹೆಗಲ ಮೇಲೆಯೇ ಬಿದ್ದಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಒಂದು ಮಾತು ನೇರವಾಗಿ ಹೇಳಬೇಕಿದೆ. ಪರೀಕ್ಷೆಗೆ ಕಳಿಸುತ್ತೀರಿ, ಗ್ರಂಥಾಲಯಕ್ಕೆ ಕಳಿಸುವುದಿಲ್ಲ. ಕ್ಷೇತ್ರಕಾರ್ಯಕ್ಕಂತೂ ಇಲ್ಲವೇ ಇಲ್ಲ. ಮಾಹಿತಿ ತರಲು ಅಣ್ಣನನ್ನು ಕಳಿಸಿದರೆ ಅದು ಅಣ್ಣನ ಸಂಶೋಧನೆಯಾಗುತ್ತದೆ. ಮಗಳೊಂದಿಗೆ ತಾಯಿಯೋ ಗೆಳತಿಯೋ ಹೋಗಲಿ, ಸಂಜೆಯೊಳಗೆ ಮರಳುವ ಏರ್ಪಾಡಾಗಲಿ, ಆದರೆ ಆಕೆ ಹೋಗಲಿ. ಅಪರಿಚಿತ ಪುರುಷನಿಗೆ ತೆರೆಯದ ಎಷ್ಟೋ ಮನೆಗಳ ಒಳಕೋಣೆ ಆಕೆಗೆ ತೆರೆಯುತ್ತದೆ.

ನಿಪ್ಪಾಣಿಯ ವಖಾರಿಗಳಲ್ಲಿ ಆ ದಿನ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. 1981ರ ಏಪ್ರಿಲ್‌ನಲ್ಲಿ ತಂಬಾಕು ಬೆಳೆಗಾರರ ಚಳವಳಿಯ ಮೇಲೆ ನಡೆದ ಗೋಲಿಬಾರನ್ನು ಕಂಡವರೂ ಇನ್ನೂ ಕೆಲವರಿದ್ದಾರೆ. ಈ ವರ್ಷ ಯಾವ ವಿಷಯ ಆರಿಸಲಿ ಎಂದು ಮಾರ್ಗದರ್ಶಕರನ್ನು ಕೇಳುತ್ತಿರುವ ವಿದ್ಯಾರ್ಥಿನಿಯರು ರಮಝಾನಿಗೆ ಮುಂಚೆ ಅವರಲ್ಲಿ ಇಬ್ಬರನ್ನಾದರೂ ಭೇಟಿಯಾಗಲಿ. ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಯಾವ ವಖಾರಿ, ಯಾವ ವರ್ಷ, ಕೂಲಿ ಎಷ್ಟಿತ್ತು, ಯಾರ ಕೈಯಿಂದ ಸಿಗುತ್ತಿತ್ತು ಎಂದು ಕೇಳಲಿ. ಅವರು ದಖನಿಯಲ್ಲಿ ಹೇಳಿದ್ದನ್ನು ದಖನಿಯಲ್ಲೇ ಮೊದಲು ಬರೆದುಕೊಳ್ಳಲಿ.