ವಿಳಾಸ ಇದ್ದರೆ ಸಾಲದು, ವ್ಯಾಳೆ ಗೊತ್ತಿರಬೇಕು

ಐನಾಪುರ ಎಂದರೆ ಹೊರಗಿನವರಿಗೆ ನೆನಪಾಗುವುದು ಕೃಷ್ಣೆಯ ದಂಡೆಯ, ಕಾಗವಾಡ ತಾಲ್ಲೂಕಿನ ಐನಾಪುರ. ಫೋನಿನ ನಕಾಶೆಗೂ ಅದರ ಮೇಲೇ ಪ್ರೀತಿ ಹೆಚ್ಚು. ನಾನು ಬರೆಯುತ್ತಿರುವುದು ಚಿಂಚೋಳಿ ತಾಲ್ಲೂಕಿನ ಐನಾಪುರದ ಬಗ್ಗೆ. ಅಲ್ಲಿಂದ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಂದು ಹರಡಿಕೊಂಡಿರುವ ನಮ್ಮ ಸೀಮೆಯ ಬಗ್ಗೆ. ಸಿಮೆಂಟ್ ಕಾರ್ಖಾನೆಗಳಿಗೆ ವರ್ಗವಾಗಿ ಬಂದ ಹುಡುಗರು ಮೊದಲ ವಾರವೇ ಕೇಳುತ್ತಾರೆ: ‘ಭಾನುವಾರ ಎಲ್ಲಿಗೆ ಹೋಗೋದು ಸಾರ್, ಏನು ತಿನ್ನೋದು?’ ನಮ್ಮವರ ಉತ್ತರ ಸಿದ್ಧವಾಗಿಯೇ ಇರುತ್ತದೆ: ‘ಇಲ್ಲೇನದರಿ, ಬರೀ ಧೂಳು, ಬರೀ ಬಿಸಲು. ಕಲಬುರಗಿಗಿ ಹೋಗ್ರಿ, ಇಲ್ಲಾ ಹೈದರಾಬಾದಿಗಿ ಹೋಗ್ರಿ.’

ನನ್ನ ಜಗಳ ಈ ಉತ್ತರದ ಜೊತೆ. ನಮ್ಮಲ್ಲಿ ಇಲ್ಲದ್ದು ಒಳ್ಳೆಯ ಜಾಗವಲ್ಲ, ಯಾವ ಹೊತ್ತಿನಲ್ಲೂ ಬಾಗಿಲು ತೆರೆದಿರುವ ಜಾಗ. ಇಲ್ಲಿ ಒಳ್ಳೆಯದೆಲ್ಲ ಒಂದು ಹೊತ್ತಿಗೆ ಬಂದು ಇನ್ನೊಂದು ಹೊತ್ತಿಗೆ ಮುಗಿದುಹೋಗುತ್ತದೆ. ‘ಎಲ್ಲಿ’ ಎಂದು ಕೇಳುವವನಿಗೆ ಖಾಲಿ ಬಂಡಿ ಸಿಗುತ್ತದೆ, ‘ಯಾವಾಗ’ ಎಂದು ಕೇಳುವವನಿಗೆ ಮಿರ್ಚಿ ಸಿಗುತ್ತದೆ.

ಮಧ್ಯಾಹ್ನ ಎರಡಕ್ಕೆ ಸೇಡಂ ಪೇಟೆಯಲ್ಲಿ ತಿರುಗಿದರೆ ತಾಡಪತ್ರಿ ಹೊದ್ದು ಮಲಗಿದ ಬಂಡಿಗಳೇ ಕಾಣುವುದು. ಬಿಸಿಲು ತುಸು ಇಳಿಯಲಿ. ಚುರುಮುರಿಯನ್ನು ನೀರಿಗೆ ಅದ್ದಿ, ಎರಡೂ ಅಂಗೈ ನಡುವೆ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಸುರಿದು ಮಗುಚುತ್ತಾರೆ. ಮೇಲೆ ಪುಟಾಣಿ ಹಿಟ್ಟು ಉದುರುತ್ತದೆ. ಅದೇ ನಮ್ಮ ಸೂಸಲಾ. ಪಕ್ಕದ ಕಡಾಯಿಯಿಂದ ಆಗಷ್ಟೇ ಎತ್ತಿದ ಮಿರ್ಚಿ ಅದರ ಮೇಲೆ ಬೀಳುತ್ತದೆ. ‘ಜರಾ ತಡೀರಿ ಕಾಕಾ, ಇನ್ನೊಂದ್ ಘಾಣ ಬರ್ತದ’ ಎಂದರೆ ತಡೆಯಬೇಕು. ಅವಸರ ಮಾಡಿ ಮೊದಲ ಘಾಣದ ತಣ್ಣಗಾದದ್ದನ್ನು ತಿಂದವರು ಆಮೇಲೆ ‘ಅಂಥಾದ್ದೇನೂ ಇರಲಿಲ್ಲ’ ಎಂದು ಹೇಳಿಕೊಂಡು ತಿರುಗುತ್ತಾರೆ.

ಖಾನಾವಳಿಯದು ಇದರ ಉಲ್ಟಾ ಲೆಕ್ಕ. ಅಲ್ಲಿ ತಡಮಾಡಿದರೆ ಕೆಟ್ಟಿತು. ಹಂಚಿನಿಂದ ನೇರ ತಟ್ಟೆಗೆ ಬರುವ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಬ್ಯಾಳಿ ಎಲ್ಲವೂ ಊಟದ ಹೊತ್ತಿನ ಮೊದಲ ಪಂಕ್ತಿಗೆ ಇರುವಂತೆ ಕೊನೆಯ ಪಂಕ್ತಿಗೆ ಇರುವುದಿಲ್ಲ. ಕಡಕ್ ರೊಟ್ಟಿ ಮಾತ್ರ ಯಾವಾಗ ಒಯ್ದರೂ ನಡೆಯುತ್ತದೆ. ಜಿಲ್ಲಾಡಳಿತ ಮಹಿಳಾ ಸಂಘಗಳು ಬಡಿದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ದೂರದೂರಿಗೆ ಕಳಿಸುವ ವ್ಯವಸ್ಥೆಯನ್ನೂ ಮಾಡಿದೆ. ಒಳ್ಳೆಯ ಕೆಲಸವೇ. ಆದರೆ ಹಂಚಿನ ಬಿಸಿಯನ್ನು ಪೊಟ್ಟಣ ಕಟ್ಟಲು ಬರುವುದಿಲ್ಲ.

ಇನ್ನು ಕೊಳ್ಳುವ ಮಾತು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೆಂಗಳೂರಿನ ಮಾಲ್‌ನಲ್ಲಿ ಚೆಂದದ ಚೀಲ ನೋಡಿ ಕೊಳ್ಳುವ ನಮ್ಮ ನೆಂಟರು ಸುಗ್ಗಿ ಮುಗಿದ ಮೇಲೆ ಒಮ್ಮೆ ಈ ಕಡೆ ಬರಬೇಕು. ಹೊಸ ತೊಗರಿ ಒಡೆದ ಬೇಳೆಯ ವಾಸನೆಯೇ ಬೇರೆ, ಕುದಿಯುವ ರೀತಿಯೇ ಬೇರೆ. ಶಹಾಬಾದಿನ ಫರಸಿಗೆ ಮಾತ್ರ ಯಾವ ಋತುವಿನ ಹಂಗೂ ಇಲ್ಲ. ನಮ್ಮ ಅಜ್ಜಂದಿರ ಮನೆಯ ನೆಲ, ಪುಣೆ ಮುಂಬೈಯ ಹಳೆಯ ಚಾಳುಗಳ ಅಂಗಳ ಎಲ್ಲ ಈ ಸುಣ್ಣಕಲ್ಲಿನದೇ. ಈಗ ಶಹಾಬಾದಿನವರೇ ಮನೆ ಕಟ್ಟುವಾಗ ದೂರದಿಂದ ಬಂದ ಹೊಳೆಯುವ ಟೈಲ್ಸ್ ಹಾಸಿ, ಏಪ್ರಿಲ್‌ನಲ್ಲಿ ಅಂಗಾಲು ಸುಡುತ್ತದೆ ಎಂದು ಗೊಣಗುತ್ತಾರೆ.

ದುಡ್ಡು ಕೊಟ್ಟರೂ ಸಿಗದ ಊಟವೂ ಒಂದಿದೆ. ಎಳ್ಳ ಅಮಾವಾಸ್ಯೆಯ ದಿನ ಐನಾಪುರದ ಕಡೆಯ ಹೊಲಗಳಿಗೆ ಬನ್ನಿ. ಜೋಳ ಎದೆಯುದ್ದ ನಿಂತಿರುತ್ತದೆ, ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಜೊತೆಗೆ ಭಜ್ಜಿ. ಪಟ್ಟಣದ ಎಣ್ಣೆಯ ಬಜ್ಜಿಯಲ್ಲ ಇದು. ಹಸಿ ತೊಗರಿ, ಕಡಲೆ, ಅವರೆ ಕಾಳಿಗೆ ಆ ಹೊತ್ತು ಸಿಕ್ಕ ಸೊಪ್ಪುಗಳನ್ನೆಲ್ಲ ಸೇರಿಸಿ, ಹುಣಸೆ ಹುಳಿ, ಕಡಲೆ ಹಿಟ್ಟು ಹಾಕಿ ಕುದಿಸಿದ ಪಲ್ಯ. ಯಾವ ಹೊಟೇಲಿನ ಬೋರ್ಡಿನಲ್ಲೂ ಇದರ ಹೆಸರು ನಾನು ಕಂಡಿಲ್ಲ. ಬದುವಿನ ಮೇಲೆ ಹೋಗುವ ಅಪರಿಚಿತನನ್ನೂ ‘ಬರ್ರಿ, ಉಣ್ಣಾಕ ಕೂಡ್ರಿ’ ಎಂದು ಕರೆದೇ ಕರೆಯುತ್ತಾರೆ. ಆ ಒಂದು ದಿನ ತಪ್ಪಿಸಿಕೊಂಡವರು ಮುಂದಿನ ವರ್ಷದವರೆಗೆ ಕಾಯಬೇಕು.

ನೋಡುವ ಜಾಗಗಳದ್ದೂ ಇದೇ ಕತೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಧಾಮವಾಯಿತು, ಸುಮಾರು 135 ಚದರ ಕಿಲೋಮೀಟರ್. ಬಯಲುಸೀಮೆಯಲ್ಲಿ ಇಂಥದ್ದೊಂದು ಕಾಡಿದೆ ಎಂದರೆ ಮೈಸೂರಿನ ಕಡೆಯವರು ನಗುತ್ತಾರೆ. ಮಾರ್ಚ್‌ನಲ್ಲಿ ಬಂದವರು ನಗಲಿ ಬಿಡಿ, ಆಗ ಎಲೆ ಉದುರಿ ಬರೀ ಕಡ್ಡಿ ಕಾಣುತ್ತದೆ. ಮಳೆ ಹಿಡಿದು ನಾಲ್ಕು ವಾರ ಕಳೆದ ಮೇಲೆ ಎತ್ತಿಪೋತ ಜಲಪಾತಕ್ಕೆ, ಚಂದ್ರಂಪಳ್ಳಿ ಜಲಾಶಯಕ್ಕೆ ಬಂದು ನೋಡಲಿ. ತಾಂಡಾದ ಮಕ್ಕಳು ದಾರಿ ತೋರಿಸುತ್ತಾರೆ. ನಾವು ಅವರಿಗೆ ಪ್ರತಿಯಾಗಿ ಬಿಟ್ಟು ಬರುವುದು ಒಡೆದ ಬಾಟಲಿ ಮತ್ತು ಪ್ಲಾಸ್ಟಿಕ್ ತಟ್ಟೆ. ಇದನ್ನು ಬರೆಯಲು ಬೇಸರವಾಗುತ್ತದೆ, ಬರೆಯದಿದ್ದರೆ ಸುಳ್ಳಾಗುತ್ತದೆ.

ಸನ್ನತಿಯ ವಿಷಯಕ್ಕೆ ಬಂದರೆ ನನಗೆ ಮಾತು ಉದ್ದವಾಗುತ್ತದೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಒಕ್ಕಲಿನವರು ತಲೆತಲಾಂತರದಿಂದ ಬರುತ್ತಿದ್ದಾರೆ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು; ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದು ಅಶೋಕನ ಶಾಸನ! ಎಷ್ಟು ತಲೆಮಾರು ಅದರ ಎದುರು ಕೈಮುಗಿದಿತ್ತೋ. ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪವನ್ನು 1994ರಿಂದ ಪುರಾತತ್ವ ಇಲಾಖೆ ಅಗೆದಾಗ, ರಾಣಿಯ ಜೊತೆ ನಿಂತ ರಾಜನ ಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದಿದೆ. ಹೆಸರು ಸಹಿತ ಅಶೋಕ ಸಿಕ್ಕಿದ್ದು ಪಾಟ್ನಾದಲ್ಲಲ್ಲ, ನಮ್ಮ ಚಿತ್ತಾಪುರದ ಸೀಮೆಯಲ್ಲಿ. ಅದೇ ಚಿತ್ತಾಪುರದ ಮಗ್ಗುಲಿಗಿರುವ ನಾಗಾವಿಯಲ್ಲಿ 1058ರ ಶಾಸನವೊಂದು ಘಟಿಕಾಸ್ಥಾನವನ್ನು ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ. ಇವತ್ತು ಎಷ್ಟು ಕಾಲೇಜುಗಳ ಗ್ರಂಥಾಲಯದಲ್ಲಿ ಆರು ಜನರಿದ್ದಾರೆ? ಅರವತ್ತು ಕಂಬದ ಗುಡಿಯ ನೆರಳಲ್ಲಿ ಕುಳಿತು ಈ ಲೆಕ್ಕ ಹಾಕುವುದೂ ಒಂದು ಪ್ರವಾಸವೇ.

ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ, ನಾನು ಸೇರಿಸುವುದು ಇಷ್ಟೇ: ಕಾಗಿಣಾ ನದಿಯಲ್ಲಿ ನೀರಿರುವ ತಿಂಗಳಲ್ಲಿ, ಬೆಳಿಗ್ಗೆ ಬೇಗ ಹೋಗಿ. ಕೋಟೆಯ ಕಲ್ಲು ಕಾದ ಮೇಲೆ ನೃಪತುಂಗನೂ ಯಾರಿಗೂ ಬೇಡವಾಗುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ‘ಹೋಗೋದು ಹೆಂಗ್ರಿ?’ ಎಂಬ ಪ್ರಶ್ನೆ ಬರುತ್ತದೆ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ಕಾಲದ ರೈಲು 1874ರಲ್ಲೇ ಬಂತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲವೂ ಆ ಸಾಲಿನವೇ. ಸ್ಟೇಷನ್ನಿನಿಂದ ಆಚೆಯ ದಾರಿಗೆ ಟಂಟಂ ಗತಿ; ಅದು ತುಂಬಿದ ಹೊರತು ಏಳುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಗುಂಪು ಕಟ್ಟಿಕೊಂಡು ಸನ್ನತಿಗೆ ಹೊರಟ ಅಕ್ಕಂದಿರನ್ನು ನೋಡುವುದೇ ಖುಷಿ. ಆದರೆ ಅವರು ಬಸ್ ಇಳಿದ ಕೂಡಲೇ ಕೇಳುವುದು ಎರಡೇ: ಶೌಚಾಲಯ ಎಲ್ಲಿ, ತಿರುಗಿ ಹೋಗುವ ಬಸ್ ಎಷ್ಟಕ್ಕೆ?

ಕೋಟಿಗಟ್ಟಲೆಯ ಪ್ರವಾಸೋದ್ಯಮ ಯೋಜನೆ ಯಾವಾಗ ಬರುತ್ತದೋ ಬರಲಿ. ಕಲ್ಯಾಣ ಕರ್ನಾಟಕ ಸಾರಿಗೆಯವರು ಮಳೆಗಾಲದ ಭಾನುವಾರಗಳಂದು ಚಿಂಚೋಳಿಯಿಂದ ಐನಾಪುರದ ಮೇಲೆ ಚಂದ್ರಂಪಳ್ಳಿಗೆ ಒಂದು ಬಸ್ಸು ಬಿಡಲಿ, ಸಂಜೆ ಕತ್ತಲಾಗುವ ಮುಂಚೆ ವಾಪಸ್ ಬರುವಂಥದ್ದು. ಗ್ರಾಮ ಪಂಚಾಯಿತಿಯವರು ಬಸ್ ನಿಲ್ಲುವಲ್ಲಿ ಒಂದು ಗೋಡೆಗೆ ಸುಣ್ಣ ಬಳಿದು, ಬಸ್ಸಿನ ವ್ಯಾಳೆ, ಸಂತೆಯ ವಾರ, ಜಾತ್ರೆಯ ತಿಥಿ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆಸಲಿ. ಪೇಂಟರಿನ ಒಂದು ದಿನದ ಪಗಾರದಲ್ಲಿ ಆಗುವ ಕೆಲಸ ಅದು.