ಗ್ಯಾರೇಜಿನ ಉಪಕರಣಗಳಿಗೂ ಒಂದು ಖಾತೆ ಇರಲಿ

ಸಣ್ಣ ಅಂಗಡಿಯಲ್ಲಿಯೂ ನಗದು ಪೆಟ್ಟಿಗೆಗೆ ಬೀಗವಿರುತ್ತದೆ, ದಾಸ್ತಾನಿಗೆ ಪುಸ್ತಕವಿರುತ್ತದೆ. ಆದರೆ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ನಡೆಯುವ ಕಾರು ದುರಸ್ತಿ ಗ್ಯಾರೇಜುಗಳಲ್ಲಿ, ಸಂಪಾದನೆಗೆ ಮೂಲವಾದ ಉಪಕರಣಗಳಿಗೆ ನಿಗದಿತ ಜಾಗವೂ ಇಲ್ಲ, ಲೆಕ್ಕಪುಸ್ತಕದಲ್ಲಿ ನಮೂದೂ ಇಲ್ಲ. ಸರಕು ಸಾಗಣೆಯ ವಾಹನಗಳನ್ನು ಸ್ವಂತ ಆವರಣದಲ್ಲಿಯೇ ರಿಪೇರಿ ಮಾಡಿಸುವ ವರ್ತಕರ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿದೆ. ಇದರಿಂದಾಗುವ ನಷ್ಟವು ಲಾಭ-ನಷ್ಟ ಖಾತೆಯಲ್ಲಿ ಪ್ರತ್ಯೇಕವಾಗಿ ಕಾಣಿಸದ ಕಾರಣ ವರ್ಷಾನುಗಟ್ಟಲೆ ಹಾಗೆಯೇ ಮುಂದುವರಿಯುತ್ತದೆ.

ಈ ನಷ್ಟವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಇಬ್ಬರು ಮೆಕ್ಯಾನಿಕ್‌ಗಳಿರುವ ಗ್ಯಾರೇಜೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರತಿಯೊಬ್ಬನೂ ದಿನಕ್ಕೆ 20 ನಿಮಿಷವನ್ನು ಸ್ಪ್ಯಾನರ್, ಸಾಕೆಟ್ ಹುಡುಕುವುದರಲ್ಲಿ ಕಳೆದರೆ, 300 ಕೆಲಸದ ದಿನಗಳಲ್ಲಿ ಅದು 200 ಗಂಟೆಗಳಾಗುತ್ತದೆ. ಗಂಟೆಗೆ 250 ರೂಪಾಯಿ ಮಜೂರಿ ಎಂದಿಟ್ಟುಕೊಂಡರೂ ವರ್ಷಕ್ಕೆ 50,000 ರೂಪಾಯಿ ಕೈಬಿಟ್ಟಂತಾಯಿತು. ಅರಸುವ ಬಳ್ಳಿ ಕಾಲಿಗೆ ತೊಡರುವುದು ಗಾದೆಯಲ್ಲಿ ಮಾತ್ರ. ಗ್ಯಾರೇಜಿನಲ್ಲಿ 10 ಎಂ.ಎಂ. ಸಾಕೆಟ್ ಹಾಗೆ ಸಿಗುವುದಿಲ್ಲ. ಬೇಗ ಸಿಗಲಿಲ್ಲವೆಂದು ಹೊಸದನ್ನು ಕೊಳ್ಳುತ್ತಾರೆ. ಮರುದಿನ ಹಳೆಯದು ಬೆಂಚಿನ ಕೆಳಗೆ ಸಿಗುತ್ತದೆ.

ಸಮಯದ ಜೊತೆಗೆ ಗಿರಾಕಿಯ ವಿಶ್ವಾಸವೂ ನಷ್ಟವಾಗುತ್ತದೆ. ಸರಿಯಾದ ಅಳತೆ ಕೈಗೆ ಸಿಗದಾಗ ಸಮೀಪದ ಅಳತೆಯಿಂದ ಕೆಲಸ ಸಾಗಿಸುವುದು ವಾಡಿಕೆ. ಅರ್ಧ ಇಂಚು ಎಂದರೆ 12.7 ಎಂ.ಎಂ.; ಅದಕ್ಕೆ 13 ಎಂ.ಎಂ. ಸ್ಪ್ಯಾನರ್ ಹಾಕಿದರೆ ಬಿಗಿಯಾದ ನಟ್ಟಿನ ಮೂಲೆಗಳು ಸವೆದು ಹೋಗುತ್ತವೆ. ಅಂಬಾಸಿಡರ್ ಕಾಲದ ಇಂಚಿನ ಸ್ಪ್ಯಾನರ್‌ಗಳೂ ಇಂದಿನ ಕಾರುಗಳ ಮೆಟ್ರಿಕ್ ಸ್ಪ್ಯಾನರ್‌ಗಳೂ ಒಂದೇ ಡಬ್ಬದಲ್ಲಿರುವ ಕಡೆ ಈ ತಪ್ಪು ಸಹಜ. ಟಾರ್ಕ್ ರೆಂಚನ್ನು ಸುತ್ತಿಗೆಯೊಡನೆ ಎಸೆದಿಟ್ಟರೆ ಅದರ ಅಳತೆಯನ್ನು ನಂಬುವಂತಿಲ್ಲ; ಕ್ಲಿಕ್ ಮಾದರಿಯದನ್ನು ಬಳಸಿದ ಬಳಿಕ ಕನಿಷ್ಠ ಅಂಕಕ್ಕೆ ಇಳಿಸಿ ಪೆಟ್ಟಿಗೆಯಲ್ಲಿಡಬೇಕು. ಸ್ಟ್ಯಾಂಡುಗಳು ಸಿಗಲಿಲ್ಲವೆಂದು ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಗ್ಗುವುದಂತೂ ಪ್ರಾಣಕ್ಕೇ ಅಪಾಯ.

ಪರಿಹಾರವು ದುಬಾರಿಯಲ್ಲ. ಜಪಾನಿನ ಕಾರ್ಖಾನೆಗಳು ರೂಢಿಸಿದ '5 ಎಸ್' ಪದ್ಧತಿಯ ಸಾರವು ಬೇಡದ್ದನ್ನು ಬೇರ್ಪಡಿಸುವುದು, ಬೇಕಾದುದಕ್ಕೆ ಜಾಗ ಗೊತ್ತುಪಡಿಸುವುದು, ಸ್ವಚ್ಛವಾಗಿಡುವುದು, ಇವನ್ನು ನಿಯಮವಾಗಿಸುವುದು ಮತ್ತು ಆ ನಿಯಮವನ್ನು ಪಾಲಿಸುವುದು ಎಂಬುದೇ ಆಗಿದೆ. 8×4 ಅಡಿಯ ಒಂದು ಪ್ಲೈವುಡ್ ಹಲಗೆಯನ್ನು ಗೋಡೆಗೆ ಬಡಿದು, ಮೊಳೆ-ಕೊಕ್ಕೆಗಳನ್ನು ಹೊಡೆದು, ಪ್ರತಿ ಉಪಕರಣದ ಆಕಾರವನ್ನು ಅದರ ಜಾಗದಲ್ಲಿ ಬಣ್ಣದಿಂದ ಬರೆದರೆ ಸಾಕು. ಮೆಟ್ರಿಕ್ ಒಂದು ಬದಿಗೆ, ಇಂಚು ಇನ್ನೊಂದು ಬದಿಗೆ. ನಿತ್ಯ ಬಳಸುವವು ಕೈಗೆಟಕುವ ಎತ್ತರದಲ್ಲಿ, ಬೇರಿಂಗ್ ಪುಲ್ಲರ್‌ನಂತಹ ಅಪರೂಪದವು ಮೇಲೆ. ಸಂಜೆ ಶೆಡ್ಡು ಮುಚ್ಚುವಾಗ ಖಾಲಿ ಆಕಾರ ಕಂಡರೆ ಆ ಉಪಕರಣ ಬಹುಶಃ ಗಿರಾಕಿಯ ಬಾನೆಟ್ಟಿನೊಳಗೆ ಇದೆ! ನಗದು ಪುಸ್ತಕದ ಅಂತಿಮ ಶಿಲ್ಕನ್ನು ತಾಳೆ ನೋಡುವ ಕ್ರಮವೇ ಇಲ್ಲಿಯೂ ಅನ್ವಯಿಸುತ್ತದೆ.

ಹಲಗೆಯ ಮೇಲಿನ ಈ ಪಟ್ಟಿಯೇ ಲೆಕ್ಕಪುಸ್ತಕಕ್ಕೂ ಬರಬೇಕು. ಹ್ಯಾಕ್ಸಾ ಬ್ಲೇಡು, ಎಮರಿ ಕಾಗದ ಮುಂತಾದವು ಆಯಾ ವರ್ಷದ ವೆಚ್ಚ. ಕಂಪ್ರೆಸರ್, ಟ್ರಾಲಿ ಜಾಕ್ ಮುಂತಾದ ಬಾಳಿಕೆಯುಳ್ಳವು ಬಂಡವಾಳ ಆಸ್ತಿ. ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳಿಗೆ ಸಾಮಾನ್ಯ ಸವಕಳಿ ದರ ಶೇ. 15, ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೂ ಮೀರಿ ನಗದು ಕೊಟ್ಟು ಯಂತ್ರ ಕೊಂಡರೆ ಆ ಮೊತ್ತ ಆಸ್ತಿಯ ಮೌಲ್ಯದಲ್ಲಿ ಸೇರುವುದಿಲ್ಲ. ಜಿ.ಎಸ್.ಟಿ.ಯ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿಕೊಂಡವರು ಸರಿಯಾದ ಬಿಲ್ಲಿದ್ದರೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ.

ಅಂದಾಜು ತೆರಿಗೆ ಪದ್ಧತಿಯಲ್ಲಿರುವ ಸಣ್ಣವರಿಗೆ ಪುಸ್ತಕವೇಕೆ, ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯುವಂತೆಯೂ ಇಲ್ಲವಲ್ಲ ಎಂಬ ಆಕ್ಷೇಪ ಬರಬಹುದು. ಮಾತು ನಿಜ. ಆದರೆ ಪಟ್ಟಿಯನ್ನು ಕೇಳುವುದು ತೆರಿಗೆ ಇಲಾಖೆಯೊಂದೇ ಅಲ್ಲ. ಗೃಹ ವಿಮೆ ಇರುವುದು ಮನೆಬಳಕೆಯ ವಸ್ತುಗಳಿಗೆ. ಶೆಡ್ಡಿನ ವ್ಯಾಪಾರಿ ಉಪಕರಣಗಳಿಗೆ ಪ್ರತ್ಯೇಕ ವಿಮೆ ಬೇಕು. ಕಳವು ಅಥವಾ ಬೆಂಕಿಯ ನಂತರ ಬರುವ ಸರ್ವೇಯರ್ ಕೇಳುವುದು ಬಿಲ್ಲು ಮತ್ತು ಪಟ್ಟಿಯನ್ನೇ. ಮುದ್ರಾ ಸಾಲಕ್ಕೆ ಹೋದಾಗ ವ್ಯವಹಾರದಲ್ಲಿ ತೊಡಗಿಸಿದ ಬಂಡವಾಳವನ್ನು ತೋರಿಸಬೇಕಾಗುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವಾಗಲೋ ಪಾಲುದಾರಿಕೆ ಮುರಿಯುವಾಗಲೋ, ಇಪ್ಪತ್ತು ವರ್ಷ ಕೂಡಿಟ್ಟ ಉಪಕರಣಗಳಲ್ಲಿ ಯಾವುದು ಯಾರದು ಎಂಬುದಕ್ಕೆ ಬಾಯಿಮಾತಿನ ಹೊರತು ಆಧಾರವೇ ಇರುವುದಿಲ್ಲ. ಜೀವಮಾನದ ಉಳಿತಾಯವು ಹೀಗೆ ಕಾಗದದ ಮೇಲೆ ಶೂನ್ಯವಾಗುವುದು ಸಣ್ಣ ನಷ್ಟವಲ್ಲ.

ಪ್ರತಿ ಮಾರ್ಚ್ 31ರಂದು ವರ್ತಕರು ದಾಸ್ತಾನು ಎಣಿಸುತ್ತಾರೆ. ಗ್ಯಾರೇಜಿನವರು ಅಂದು ಬಿಡಿಭಾಗಗಳ ಜೊತೆಗೆ ಉಪಕರಣಗಳನ್ನೂ ಎಣಿಸಲಿ. ಹೆಸರು, ಅಳತೆ, ಕೊಂಡ ದಿನಾಂಕ, ಬೆಲೆ, ಬಿಲ್ಲಿನ ಸಂಖ್ಯೆ ಎಂಬ ಐದು ಕಲಮುಗಳ ಒಂದು ನೋಟುಪುಸ್ತಕ ಸಾಕು. ಗೋಡೆಯ ಹಲಗೆಗೂ ಈ ಪುಸ್ತಕಕ್ಕೂ ತಾಳೆಯಾದ ದಿನ, ಆ ಗ್ಯಾರೇಜಿನ ಲೆಕ್ಕ ನಿಜವಾಗಿ ಸರಿಹೋಯಿತೆನ್ನಬಹುದು.